ಯಾರ ಲೆಕ್ಕ ಯಾರು ಓದಬೇಕು

ರೋಗಿಯನ್ನು ನೋಡಿ ಬರುವುದು ನಮ್ಮಲ್ಲಿ ಪುಣ್ಯದ ಕೆಲಸ. ಹಾಗಾಗಿ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟ ಸುದ್ದಿ ಹಬ್ಬಿದ ಮೇಲೆ ನಮ್ಮ ಮನೆಗೆ ಬರುವವರಿಗೆ ಬರವಿರಲಿಲ್ಲ. ಬಂಟ್ವಾಳದ ಆಚೀಚೆಯ ನೆಂಟರು, ಮಸೀದಿ ಕಮಿಟಿಯವರು, ನನ್ನ ಶಾಲೆಯ ಟೀಚರುಗಳು, ಅಂಗಡಿಯ ಗಿರಾಕಿಗಳು. ಹೆಚ್ಚಿನವರ ಕೈಯಲ್ಲಿ ಎಳನೀರು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಎಳನೀರು ಆಗದು, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಪ್ರೀತಿಯಿಂದ ತಂದವರಿಗೆ ಬೇಡ ಎನ್ನಲಾಗದೆ ಒಳಗೆ ತೆಗೆದಿಟ್ಟು, ಅವರು ಗೇಟು ದಾಟಿದ ಮೇಲೆ ಮಕ್ಕಳಿಗೆ ಕೆತ್ತಿ ಕೊಡುತ್ತಿದ್ದೆ. ಎಳನೀರನ್ನಾದರೆ ಹಾಗೆ ದಾಟಿಸಬಹುದು. ಅವರು ಬಿಟ್ಟುಹೋದ ಮಾತನ್ನು ಯಾರಿಗೆ ಕೊಡುವುದು?

ಮಾತು ಎರಡೇ ಬಗೆಯವು. ಒಂದು, ಇದು ಅಲ್ಲಾಹನ ಪರೀಕ್ಷೆ, ಸಬರ್ ಮಾಡಿ, ತಾಳಿಕೊಳ್ಳಿ. ಇನ್ನೊಂದು, ಎಲ್ಲೋ ಏನೋ ತಪ್ಪಾಗಿರಬೇಕು, ತೌಬಾ ಮಾಡಿ, ಪಶ್ಚಾತ್ತಾಪ ಪಡಿ. ಎರಡನೆಯದನ್ನು ಹೇಳುವವರು ಸಾಮಾನ್ಯವಾಗಿ ದನಿ ತಗ್ಗಿಸುತ್ತಿದ್ದರು. ಒಬ್ಬ ಹಾಜಿಯವರು ಮಾತ್ರ ತಗ್ಗಿಸಲಿಲ್ಲ. ಬೀಡಿ, ಸಿಗರೇಟು ಮಾರಿದ ದುಡ್ಡಿನಲ್ಲಿ ಬರಕತ್ ಇರುವುದಿಲ್ಲ, ಅದು ಯಾವುದಾದರೂ ದಾರಿಯಲ್ಲಿ ಹೊರಗೆ ಹೋಗಿಯೇ ಹೋಗುತ್ತದೆ ಎಂದರು. ಆ ಬೀಡಿಯ ಖಾಯಂ ಗಿರಾಕಿಗಳಲ್ಲಿ ತಾವೂ ಒಬ್ಬರೆಂಬುದು ಆ ಹೊತ್ತಿಗೆ ಅವರಿಗೆ ನೆನಪಾಗಲಿಲ್ಲ. ಯಜಮಾನರು ಹೌದು ಹೌದು ಎಂದು ತಲೆಯಾಡಿಸಿ, ಅವರಿಗೆ ಚಾ ತರಲು ನನಗೆ ಕಣ್ಣಲ್ಲೇ ಹೇಳಿದರು.

ಕಾರಣ ಏನೆಂದು ಯಜಮಾನರಿಗೆ ಗೊತ್ತಿತ್ತು. ಬಿಪಿ ಇದೆಯೆಂದು ತಿಳಿದ ಮೇಲೂ ವರ್ಷಗಟ್ಟಲೆ ಅದರ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡವರಲ್ಲ. ದಿನವಿಡೀ ಅಂಗಡಿಯಲ್ಲಿ ನಿಂತು ಮಂಡಿನೋವು. ಅದಕ್ಕೆ ಯಾವ ಡಾಕ್ಟರನ್ನೂ ಕೇಳದೆ ಮೆಡಿಕಲಿನಿಂದ ತಂದ ನೋವಿನ ಮಾತ್ರೆ, ಬೆಳಿಗ್ಗೆ ಒಂದು, ಸಂಜೆ ಒಂದು. ಈ ಎರಡೂ ಸೇರಿ ಕಿಡ್ನಿಯನ್ನು ಹೇಗೆ ತಿಂದುಹಾಕುತ್ತವೆ ಎಂದು ಡಾಕ್ಟರು ಬಿಡಿಸಿ ಹೇಳಿದಾಗ ಅವರು ವಾದಕ್ಕಿಳಿಯಲಿಲ್ಲ. “ನಾನೇ ನುಂಗಿದ್ದು, ಬೇರೆ ಯಾರೂ ಬಾಯಿಗೆ ಹಾಕಿದ್ದಲ್ಲ” ಎಂದರು. ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ ಆ ಕಾಲದಲ್ಲೂ, ಮೈಯಲ್ಲಿ ತ್ರಾಣವಿದ್ದ ದಿನ ಅಂಗಡಿಯಲ್ಲಿ ಕೂತು, ಸಕ್ಕರೆ ಕಟ್ಟುತ್ತಾ, ಅಕ್ಕಿ ಅಳೆಯುತ್ತಾ, ಬಂದವರನ್ನೆಲ್ಲ ಬಿಪಿ ನೋಡಿಸಿದ್ದೀರಾ ಎಂದು ಕೇಳುವುದು ಅವರಿಗೆ ಅಭ್ಯಾಸವಾಯಿತು. ಕೆಲವರು ತಮಾಷೆ ಮಾಡಿದರು. ಕೆಲವರು ಹೋಗಿ ನೋಡಿಸಿದರು.

ಅವರು ತಮ್ಮ ಬಗ್ಗೆ ಹೇಳಿಕೊಂಡದ್ದು, ಹಾಜಿಯವರು ಅವರ ಬಗ್ಗೆ ಹೇಳಿದ್ದು, ಮೇಲುನೋಟಕ್ಕೆ ಒಂದೇ. ಈ ಕಷ್ಟಕ್ಕೆ ಈ ಕೈಯೇ ಕಾರಣ ಎಂಬ ಮಾತು. ಆದರೂ ಒಂದನ್ನು ಕೇಳಿದಾಗ ಯಜಮಾನರ ಮೇಲೆ ಗೌರವ ಹೆಚ್ಚಿತು, ಇನ್ನೊಂದನ್ನು ಕೇಳಿದಾಗ ಚಾಕ್ಕೆ ಸಕ್ಕರೆ ಹಾಕುವ ಮನಸ್ಸೂ ಆಗಲಿಲ್ಲ. ಯಾಕೆ ಹೀಗೆ ಎಂದು ಧರ್ಮದ ಒಳಗಿನಿಂದಲೇ ಹೇಳಬೇಕಾದರೆ ಸ್ವಲ್ಪ ಓದಬೇಕಾಯಿತು. ನಿವೃತ್ತಿಯಾದ ಮೇಲೆ ಅದಕ್ಕೆ ಸಮಯವೂ ಸಿಕ್ಕಿತು.

ಹಾಜಿಯವರ ಮಾತಿಗೆ ಆಧಾರವೇ ಇಲ್ಲವೆಂದಲ್ಲ. ನಿಮ್ಮ ಮೇಲೆ ಬಂದೆರಗುವ ವಿಪತ್ತು ನಿಮ್ಮ ಕೈಗಳ ಗಳಿಕೆಯೇ ಎಂಬ ಅರ್ಥದ ಮಾತು ಕುರ್‌ಆನಿನ 42ನೇ ಅಧ್ಯಾಯವಾದ ಅಶ್ಶೂರಾದ 30ನೇ ಸೂಕ್ತದಲ್ಲಿದೆ. ಅಲ್ಲಾಹನು ಬಹಳಷ್ಟನ್ನು ಮನ್ನಿಸಿಬಿಡುತ್ತಾನೆ ಎಂಬುದೂ ಅದೇ ಸೂಕ್ತದ ಕೊನೆಯಲ್ಲಿದೆ. ಮಂಚದ ಪಕ್ಕ ಕೂತು ಇದನ್ನು ನೆನಪಿಸುವವರು ಅಲ್ಲಿವರೆಗೆ ತಲುಪುವುದು ಕಡಿಮೆ. ಪುಟ ತಿರುಗಿಸಿ 57ನೇ ಅಧ್ಯಾಯ ಅಲ್ ಹದೀದ್‌ಗೆ ಬಂದರೆ, ಭೂಮಿಗಾಗಲಿ ನಿಮಗಾಗಲಿ ಬರುವ ಯಾವ ಆಪತ್ತೂ ಮೊದಲೇ ಬರೆದಿಡದೆ ಬಂದದ್ದಲ್ಲ ಎಂಬರ್ಥದ ಸೂಕ್ತವಿದೆ. ಹಾಗಾದರೆ ಕಷ್ಟ ನಾನು ಮಾಡಿಕೊಂಡದ್ದೋ, ಬರೆದಿಟ್ಟದ್ದೋ? ಬಸ್ರಾ, ಬಗ್ದಾದ್‌ಗಳ ಪಂಡಿತರು ಶತಮಾನಗಟ್ಟಲೆ ಇದರ ಮೇಲೆ ಜಗಳವಾಡಿ ಬಣಗಳಾಗಿ ಒಡೆದಿದ್ದಾರೆ. ಆ ಜಗಳಕ್ಕೆ ಇಳಿಯುವ ಶಕ್ತಿ ನನಗಿಲ್ಲ, ಆಸೆಯೂ ಇಲ್ಲ. ನನ್ನ ಉಪಯೋಗಕ್ಕೆ ಬಂದದ್ದು ಉಹುದ್.

625ರಲ್ಲಿ ಮದೀನಾದ ಉತ್ತರಕ್ಕಿರುವ ಉಹುದ್ ಬೆಟ್ಟದ ಬುಡದಲ್ಲಿ ಮಕ್ಕಾದ ಸೈನ್ಯವನ್ನು ಮುಸ್ಲಿಮರು ಎದುರಿಸಿದರು. ಊರೊಳಗೇ ಇದ್ದು ಕಾದಾಡುವುದು ಪ್ರವಾದಿ ಮುಹಮ್ಮದ್(ಸ) ಅವರ ಇಷ್ಟವಾಗಿತ್ತು. ಉತ್ಸಾಹಿ ತರುಣರು ಹೊರಗೆ ಹೋಗೋಣ ಎಂದರು, ಪ್ರವಾದಿಯವರು ಒಪ್ಪಿದರು. ಒಂದು ದಿಬ್ಬದ ಮೇಲೆ 50 ಬಿಲ್ಗಾರರನ್ನು ನಿಲ್ಲಿಸಿ, ಗೆದ್ದರೂ ಸೋತರೂ ಜಾಗ ಬಿಡಬೇಡಿ ಎಂದು ಹೇಳಿದ್ದಾಯಿತು. ಗೆದ್ದಂತೆ ಕಂಡ ಕೂಡಲೇ ಹೆಚ್ಚಿನವರು ಕೊಳ್ಳೆಗೆ ಇಳಿದರು. ಹಿಂದಿನಿಂದ ಕುದುರೆ ಸವಾರರು ಬಂದರು. ಸುಮಾರು 70 ಮಂದಿ ಸತ್ತರು, ಪ್ರವಾದಿಯವರ ಚಿಕ್ಕಪ್ಪ ಹಂಝಾ ಅವರಲ್ಲೊಬ್ಬರು. ಪ್ರವಾದಿಯವರ ಮುಖಕ್ಕೇ ಗಾಯವಾಯಿತು. ಇದು ಎಲ್ಲಿಂದ ಬಂತು ನಮಗೆ ಎಂದು ಜನ ಕಂಗಾಲಾಗಿ ಕೇಳಿದ ಪ್ರಶ್ನೆಗೆ 3ನೇ ಅಧ್ಯಾಯ ಆಲು ಇಮ್ರಾನಿನಲ್ಲಿ ಉತ್ತರವಿದೆ. 165ನೇ ಸೂಕ್ತ, ಇದು ನಿಮ್ಮಿಂದಲೇ ಬಂದದ್ದು ಎನ್ನುತ್ತದೆ. ಅದರ ಬೆನ್ನಿಗಿರುವ 166ನೆಯದು, ಆ ದಿನ ನಡೆದದ್ದು ಅಲ್ಲಾಹನ ಅಪ್ಪಣೆಯಿಂದ ಎನ್ನುತ್ತದೆ. ಪಂಡಿತರನ್ನು ಬಣಗಳಾಗಿ ಒಡೆದ ಎರಡು ಮಾತುಗಳು ಇಲ್ಲಿ ಅಕ್ಕಪಕ್ಕದ ಮನೆಯವರಂತೆ ಬದುಕುತ್ತಿವೆ.

ಇವಕ್ಕಿಂತ ಸ್ವಲ್ಪ ಮೊದಲು, 159ರಲ್ಲಿ, ಮೂರನೆಯ ಒಂದು ಮಾತಿದೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದು. ಅವರನ್ನು ಮನ್ನಿಸು, ಅವರಿಗಾಗಿ ಕ್ಷಮೆ ಬೇಡು, ಕೆಲಸಗಳಲ್ಲಿ ಅವರೊಡನೆ ಸಮಾಲೋಚಿಸು ಎಂದು ಪ್ರವಾದಿಯವರಿಗೇ ಹೇಳಿದ್ದು. ಅವರ ಸಲಹೆ ಕೇಳಿ ಹೊರಗೆ ಹೋದದ್ದಕ್ಕೆ ಇಷ್ಟೆಲ್ಲ ಆದ ಮೇಲೆ ಮತ್ತೆ ಅವರನ್ನೇ ಕೇಳು ಎನ್ನುವುದು! ತಪ್ಪು ಯಾರದೆಂದು ತಪ್ಪು ಮಾಡಿದವರಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದಾಗಿದೆ. ಪಕ್ಕದಲ್ಲಿ ನಿಂತವರಿಗೆ, ಗಾಯಗೊಂಡ ನಾಯಕರಿಗೂ ಸಹ, ಕೊಟ್ಟಿರುವ ಕೆಲಸ ಬೇರೆ. ಇಷ್ಟು ಓದಿದ ಮೇಲೆ ಹಾಜಿಯವರ ಮಾತು ನನಗೆ ಯಾಕೆ ಒರಟಾಗಿ ಕೇಳಿಸಿತೆಂದು ಗೊತ್ತಾಯಿತು. ಮಾತು ಸುಳ್ಳೆಂದಲ್ಲ, ಅದು ತಪ್ಪು ಬಾಯಿಂದ ಬಂದಿತ್ತು.

ತಪ್ಪು ಮಾಡಿದವರು ಬಳಸುವ ಮಾತಿನ ಬಗ್ಗೆಯೂ ಕುರ್‌ಆನಿನಲ್ಲಿ ಒಂದು ಜೋಡಿ ಚಿತ್ರವಿದೆ. 7ನೇ ಅಧ್ಯಾಯದಲ್ಲಿ ಆದಮರೂ ತಪ್ಪುತ್ತಾರೆ, ಇಬ್ಲೀಸನೂ ತಪ್ಪುತ್ತಾನೆ. ಇಬ್ಲೀಸ ತನ್ನನ್ನು ದಾರಿ ತಪ್ಪಿಸಿದ್ದು ದೇವರೇ ಎಂದು ಆರೋಪ ಹೊರಿಸುತ್ತಾನೆ. ಆದಮರೂ ಅವರ ಪತ್ನಿಯೂ ನಮಗೆ ನಾವೇ ಅನ್ಯಾಯ ಮಾಡಿಕೊಂಡೆವು ಎನ್ನುತ್ತಾರೆ. 13-14ನೇ ಶತಮಾನದಲ್ಲಿದ್ದ ಇಬ್ನು ತೈಮಿಯ್ಯಾ ಎಂಬ ಪಂಡಿತರು ಇದನ್ನೆಲ್ಲ ಕಡೆದು ತೆಗೆದ ಸೂತ್ರ ಹೀಗಿದೆ: ವಿಪತ್ತು ಬಂದಾಗ ವಿಧಿಯ ಕಡೆ ನೋಡಬೇಕು, ಪಾಪ ಮಾಡಿದಾಗ ಕ್ಷಮೆಯ ಕಡೆ ನೋಡಬೇಕು. ನಮ್ಮೂರಲ್ಲಿ ಇದು ಬುಡಮೇಲಾಗಿದೆ. ನಾವು ಮಾಡಿದ್ದಕ್ಕೆ ನಸೀಬು ಎನ್ನುತ್ತೇವೆ, ನೆರೆಯವನಿಗೆ ಬಂದದ್ದಕ್ಕೆ ಅವನ ಪಾಪ ಎನ್ನುತ್ತೇವೆ. ಮಗಳಿಗೆ ಓದುಬರಹ ಬಿಡಿಸಿ ಮದುವೆ ಮಾಡಿ, ಆ ಮದುವೆ ಮುರಿದಾಗ ಅಲ್ಲಾಹನ ವಿಧಿ ಎಂದ ತಂದೆಯಂದಿರನ್ನು ನಾನು ಹೆಡ್ಮಿಸ್ ಕುರ್ಚಿಯಲ್ಲಿ ಕೂತು ಕಂಡಿದ್ದೇನೆ.

ಇನ್ನೊಬ್ಬರ ಕಷ್ಟವನ್ನು ಓದಿ ಅರ್ಥ ಹೇಳುವ ಚಟಕ್ಕೆ ಪ್ರವಾದಿಯವರು ಎಷ್ಟು ದೂರವಿದ್ದರೆಂದು ತಿಳಿಯಲು 632ರ ಒಂದು ದಿನ ಸಾಕು. ಅವರ ಮಗ ಇಬ್ರಾಹೀಮ್ ತೀರಿಕೊಂಡ, ಇನ್ನೂ ಹಾಲು ಕುಡಿಯುವ ಕೂಸು. ಹುಟ್ಟಿದ ಗಂಡುಮಕ್ಕಳೆಲ್ಲ ಶೈಶವದಲ್ಲೇ ಹೋದರು. ನಾಲ್ವರು ಹೆಣ್ಣುಮಕ್ಕಳಲ್ಲಿ ಮೂವರು ಅವರಿಗಿಂತ ಮೊದಲೇ ತೀರಿಕೊಂಡರು. ಕಷ್ಟವು ಪಾಪದ ರಸೀದಿಯೆಂದು ಹೇಳುವವರು ಈ ಮನೆಯನ್ನು ಏನೆಂದು ಓದುತ್ತಾರೋ! ಇಬ್ರಾಹೀಮ್ ಸತ್ತ ದಿನವೇ ಸೂರ್ಯಗ್ರಹಣವಾಯಿತು. ಕಂದನ ಸಾವಿಗೆ ಸೂರ್ಯನೂ ಮಂಕಾದ ಎಂದು ಜನ ಮಾತಾಡಿಕೊಂಡರು. ದುಃಖದಲ್ಲಿದ್ದ ತಂದೆಗೆ ಅದನ್ನು ಕೇಳಿ ಸುಮ್ಮನಿರುವುದು ಸುಲಭವಿತ್ತು, ಮತಸ್ಥಾಪಕರೊಬ್ಬರಿಗೆ ಲಾಭವೂ ಇತ್ತು. ಪ್ರವಾದಿಯವರು ಎದ್ದು ನಿಂತು, ಸೂರ್ಯಚಂದ್ರರಿಗೆ ಯಾರ ಹುಟ್ಟುಸಾವಿನಿಂದಲೂ ಗ್ರಹಣ ಹಿಡಿಯುವುದಿಲ್ಲ ಎಂದರು. ಮಗುವಿಗಾಗಿ ಅತ್ತದ್ದನ್ನು ಮುಚ್ಚಿಡಲಿಲ್ಲ.

ವಿಧಿ ಎಂದು ಕೈಕಟ್ಟಿ ಕೂರುವವರಿಗೆ ಖಲೀಫ ಉಮರ್ ಅವರ ಉತ್ತರ ಪ್ರಸಿದ್ಧ. ಸಿರಿಯಾದ ಕಡೆ ಹೊರಟವರು ಅಲ್ಲಿ ಪ್ಲೇಗ್ ಎದ್ದಿದೆಯೆಂದು ಕೇಳಿ ಸರ್ಗ್ ಎಂಬಲ್ಲಿಂದ ಹಿಂದಿರುಗಲು ತೀರ್ಮಾನಿಸಿದರು. ಸೇನಾಪತಿ ಅಬೂ ಉಬೈದಾ ಅವರು, ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ ಎಂದು ಕೇಳಿದರು. ಹೌದು, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಓಡುತ್ತಿದ್ದೇವೆ ಎಂದು ಉಮರ್ ಉತ್ತರಿಸಿದರು. ಅಬೂ ಉಬೈದಾ ಅವರು ತಮ್ಮ ಜನರ ನಡುವೆ ಉಳಿದು ಅದೇ ಪ್ಲೇಗಿನಲ್ಲಿ ತೀರಿಕೊಂಡರು. ಕೊರೊನಾ ಸಮಯದಲ್ಲಿ, 2020ರ ಹಜ್ಜನ್ನೇ ಸೌದಿಯೊಳಗಿದ್ದ ಕೆಲವರಿಗೆ ಮಾತ್ರ ಸೀಮಿತಗೊಳಿಸಿದಾಗ, ಉಮರ್ ಅವರ ಈ ಉತ್ತರವನ್ನು ಎಲ್ಲರೂ ವಾಟ್ಸಾಪಿನಲ್ಲಿ ಹಂಚಿಕೊಂಡದ್ದು ನೆನಪಿರಬಹುದು. ಬಿಪಿಯ ಮಾತ್ರೆ ನುಂಗುವುದೂ ಅಂಥದೇ ಒಂದು ಓಟ ಎಂದು ಯಾರೂ ಹಂಚಿಕೊಳ್ಳಲಿಲ್ಲ.

ಆದರೆ ಇವೆಲ್ಲ ದೊಡ್ಡವರ ಮಾತು. ತಪ್ಪು ಮಾಡಿದ ಒಬ್ಬ ಸಾಧಾರಣ ಮನುಷ್ಯ, ಆ ತಪ್ಪನ್ನು ಹೊತ್ತುಕೊಂಡು ದಿನ ಕಳೆಯುವುದು ಹೇಗಿರುತ್ತದೆ? ಅದನ್ನು ಹೇಳಿದವರು ಕಅಬ್ ಬಿನ್ ಮಾಲಿಕ್. ಬುಖಾರಿಯ ಹದೀಸ್ ಸಂಗ್ರಹದಲ್ಲಿ ಅವರದೇ ಮಾತಿನಲ್ಲಿ ಉದ್ದಕ್ಕೂ ಬರುವ ಆತ್ಮಕತೆಯಂಥ ಆ ವರದಿಯನ್ನು ನಾನು ಎಷ್ಟು ಸಲ ಓದಿದರೂ ಬೇಸರವಾಗಿಲ್ಲ. ಮುದುಕರಾಗಿ, ಕಣ್ಣು ಹೋದ ಮೇಲೆ, ತಮ್ಮನ್ನು ಕೈಹಿಡಿದು ನಡೆಸುತ್ತಿದ್ದ ಮಗನಿಗೆ ಅವರು ಹೇಳಿದ್ದು ಅದು.

ಕಅಬ್ ಮದೀನಾದ ಕವಿ. ಮಾತು ಅವರ ಕಸುಬು. 630ರಲ್ಲಿ ಪ್ರವಾದಿಯವರು ತಬೂಕಿಗೆ ದಂಡಯಾತ್ರೆ ಘೋಷಿಸಿದರು. ಮದೀನಾದಿಂದ ಸುಮಾರು 700 ಕಿಲೋಮೀಟರ್, ಉರಿಬಿಸಿಲು, ಬರಡು ದಾರಿ. ಸಾಮಾನ್ಯವಾಗಿ ಎಲ್ಲಿಗೆಂದು ಮೊದಲೇ ಹೇಳದಿದ್ದವರು ಈ ಸಲ ಜನ ಸಿದ್ಧವಾಗಲೆಂದು ಬಾಯಿಬಿಟ್ಟೇ ಹೇಳಿದ್ದರು. ತೋಟಗಳಲ್ಲಿ ಹಣ್ಣು ಮಾಗುವ ಕಾಲ, ನೆರಳು ಬಿಟ್ಟೇಳಲು ಮನಸ್ಸಾಗದ ಕಾಲ. ಕಅಬ್ ಅವರಿಗೆ ಏನೂ ಕೊರತೆಯಿರಲಿಲ್ಲ; ಅಷ್ಟು ಅನುಕೂಲಸ್ಥರಾಗಿ ಹಿಂದೆಂದೂ ಇರಲಿಲ್ಲವೆಂದು, ಎರಡು ಸವಾರಿಗಳಿದ್ದವೆಂದು ಅವರೇ ಹೇಳುತ್ತಾರೆ. ದಿನಾ ಬೆಳಿಗ್ಗೆ ತಯಾರಿಗೆಂದು ಹೊರಡುವುದು, ಏನೂ ಮಾಡದೆ ಮರಳುವುದು, ಮನಸ್ಸು ಮಾಡಿದರೆ ಆದೀತು ಎಂದುಕೊಳ್ಳುವುದು. ಸೈನ್ಯ ಹೊರಟೇ ಹೋಯಿತು. ನಾಳೆ ಹೋಗಿ ಸೇರಿಕೊಳ್ಳುತ್ತೇನೆ ಎಂದುಕೊಂಡರು. ನಾಳೆಯೂ ಹಾಗೇ. ಮೂವತ್ತು ವರ್ಷದ ಹಿಂದಿನ ನನ್ನ ಕ್ಲಾಸಿನ ಕೊನೆಯ ಬೆಂಚಿನ ಹುಡುಗರಿಂದ ಹಿಡಿದು ಶಾಲಾ ಕಟ್ಟಡದ ಗುತ್ತಿಗೆದಾರರವರೆಗೆ ಯಾರಿಗೂ ಈ ಭಾಗವನ್ನು ವಿವರಿಸುವ ಅಗತ್ಯವಿಲ್ಲ.

ಹೋದ ಜನ ಎಷ್ಟಿದ್ದರೆಂದರೆ ಅವರ ಹೆಸರು ಬರೆದಿಡುವ ಪುಸ್ತಕವೇ ಇರಲಿಲ್ಲ, ತಪ್ಪಿಸಿಕೊಂಡವನು ಯಾರಿಗೂ ತಿಳಿಯಲಿಕ್ಕಿಲ್ಲ ಎಂದುಕೊಳ್ಳಬಹುದಿತ್ತು ಎಂದೂ ಕಅಬ್ ಹೇಳುತ್ತಾರೆ. ಹಾಜರಿ ಪುಸ್ತಕವಿಲ್ಲ. ಆದರೆ ಮದೀನಾದ ಬೀದಿಗೆ ಬಂದಾಗ ಅವರಿಗೆ ಕಾಣಸಿಕ್ಕವರು ಇಬ್ಬಗೆಯವರು: ಕಪಟಿಗಳೆಂದು ಹೆಸರಾದವರು, ಇಲ್ಲವೇ ನಿಜಕ್ಕೂ ಕೈಲಾಗದವರು. ಮೂರನೆಯವನಾಗಿ ತಾವೊಬ್ಬರೇ ನಡೆಯುತ್ತಿದ್ದರು.

ತಬೂಕಿನಲ್ಲಿ ಪ್ರವಾದಿಯವರು ಕಅಬ್ ಏನಾದರೆಂದು ಕೇಳಿದಾಗ ಅವರ ಕುಲದವನೇ ಒಬ್ಬ, ಉಡುಪಿನ ಅಂದಚಂದ ಅವರನ್ನು ತಡೆಹಿಡಿದಿದೆ ಎಂದು ಚುಚ್ಚಿದ. ಅಲ್ಲಿದ್ದ ಮುಆದ್ ಬಿನ್ ಜಬಲ್ ಎಂಬವರು ಸುಮ್ಮನಿರಲಿಲ್ಲ. ನೀನು ಆಡಿದ್ದು ಕೆಟ್ಟ ಮಾತು, ಅವರ ಬಗ್ಗೆ ನಮಗೆ ಒಳ್ಳೆಯದಲ್ಲದೆ ಬೇರೇನೂ ಗೊತ್ತಿಲ್ಲ ಎಂದರು. ಪ್ರವಾದಿಯವರು ಏನೂ ಹೇಳಲಿಲ್ಲ.

ಸೈನ್ಯ ಮರಳಿತು. ಹಿಂದುಳಿದಿದ್ದ ಎಂಬತ್ತಕ್ಕಿಂತ ಹೆಚ್ಚು ಮಂದಿ ಮಸೀದಿಗೆ ಬಂದು ಒಬ್ಬೊಬ್ಬರಾಗಿ ಆಣೆಯಿಟ್ಟು ಸಬೂಬು ಹೇಳಿದರು. ಪ್ರವಾದಿಯವರು ಎಲ್ಲವನ್ನೂ ಒಪ್ಪಿಕೊಂಡು, ಅವರಿಗಾಗಿ ಕ್ಷಮೆ ಬೇಡಿ, ಒಳಗಿನದನ್ನು ಅಲ್ಲಾಹನಿಗೆ ಬಿಟ್ಟರು. ಕಅಬ್ ಬಂದಾಗ ಪ್ರವಾದಿಯವರ ಮುಖದಲ್ಲಿ ಸಿಟ್ಟಿನ ನಗೆಯೊಂದು ಬಂತು. ಇನ್ನಾರ ಮುಂದಾದರೂ ಆಗಿದ್ದರೆ ಮಾತಿನ ಬಲದಿಂದ ಪಾರಾಗುತ್ತಿದ್ದೆ, ನನಗೆ ಆ ಕಲೆ ಒಲಿದಿದೆ. ಇಂದು ಸುಳ್ಳು ಹೇಳಿ ನಿಮ್ಮನ್ನು ಮೆಚ್ಚಿಸಿದರೆ ನಾಳೆ ಅಲ್ಲಾಹನು ನಿಮ್ಮನ್ನು ನನ್ನ ಮೇಲೆ ಕೆರಳಿಸಬಹುದು. ನನಗೆ ಯಾವ ಕಾರಣವೂ ಇರಲಿಲ್ಲ ಎಂಬರ್ಥದಲ್ಲಿ ಕಅಬ್ ಹೇಳಿದರು. ಇವರು ಸತ್ಯ ಹೇಳಿದ್ದಾರೆ ಎಂದ ಪ್ರವಾದಿಯವರು, ಅಲ್ಲಾಹನ ತೀರ್ಪು ಬರುವವರೆಗೆ ಕಾಯಲು ಹೇಳಿ ಕಳಿಸಿದರು. ಹೊರಗೆ ಬಂದರೆ ಕುಲದವರು ಬೆನ್ನುಬಿದ್ದರು. ಒಂದು ಸಬೂಬು ಹೇಳಿದ್ದರೆ ಮುಗಿದುಹೋಗುತ್ತಿತ್ತಲ್ಲ! ಹಿಂದೆ ಹೋಗಿ ಮಾತು ತಿರುಗಿಸಿಬಿಡಲೇ ಎನ್ನುವಷ್ಟು ಪೀಡಿಸಿದರು. ತಮ್ಮ ಹಾಗೆಯೇ ನಿಜ ಒಪ್ಪಿಕೊಂಡ ಇನ್ನಿಬ್ಬರಿದ್ದಾರೆ, ಮುರಾರಾ ಬಿನ್ ರಬೀ ಮತ್ತು ಹಿಲಾಲ್ ಬಿನ್ ಉಮಯ್ಯಾ, ಎಂದು ತಿಳಿದ ಮೇಲೆ ಗಟ್ಟಿಯಾದರು.

ಆಮೇಲೆ ಬಂದದ್ದು ಆ ಮೂವರೊಡನೆ ಯಾರೂ ಮಾತಾಡಬಾರದೆಂಬ ಆದೇಶ. ಇಲ್ಲಿ ನನಗೆ ಒಂದು ವಿಷಯ ಮೊದಮೊದಲು ಅರಗಲಿಲ್ಲ. ಸುಳ್ಳು ಹೇಳಿದ ಎಂಬತ್ತು ಮಂದಿ ಆರಾಮಾಗಿ ಮನೆಯಲ್ಲಿದ್ದಾರೆ, ಸತ್ಯ ಹೇಳಿದ ಮೂವರಿಗೆ ಶಿಕ್ಷೆ. ಯಾವ ಟೀಚರೂ ಹೀಗೆ ಮಾಡಲಿಕ್ಕಿಲ್ಲ. ಈಗ ನನಗೆ ತೋಚುವುದಿಷ್ಟು: ಆ ಎಂಬತ್ತು ಮಂದಿಯನ್ನು ತಿದ್ದುವಂಥದ್ದೇನೂ ಯಾರ ಕೈಯಲ್ಲೂ ಉಳಿದಿರಲಿಲ್ಲ. ತಪ್ಪನ್ನು ತನ್ನದೆಂದು ಹೇಳಿದವನಿಗೆ ಮಾತ್ರ ಕಷ್ಟ ಏನನ್ನಾದರೂ ಕಲಿಸಬಲ್ಲದು.

ಮಿಕ್ಕ ಇಬ್ಬರು ಮನೆಯಲ್ಲಿ ಕೂತು ಅತ್ತರು. ವಯಸ್ಸಿನಲ್ಲಿ ಕಿರಿಯರಾದ ಕಅಬ್ ಪೇಟೆಗೆ ಹೋದರು, ನಮಾಝಿಗೆ ಹೋದರು. ಪ್ರವಾದಿಯವರಿಗೆ ಸಲಾಂ ಹೇಳಿ, ಉತ್ತರಕ್ಕೆ ತುಟಿ ಅಲುಗಿತೋ ಇಲ್ಲವೋ ಎಂದು ನೋಡುವುದು. ಹತ್ತಿರ ನಿಂತು ನಮಾಝ್ ಮಾಡುತ್ತಾ ಓರೆಗಣ್ಣಿನಿಂದ ನೋಡುವುದು. ಒಂದು ದಿನ ತಾಳಲಾರದೆ ತಮಗೆ ಎಲ್ಲರಿಗಿಂತ ಪ್ರಿಯನಾದ ಸೋದರ ಸಂಬಂಧಿ ಅಬೂ ಕತಾದಾ ಅವರ ತೋಟದ ಗೋಡೆ ಹತ್ತಿ ಇಳಿದು ಸಲಾಂ ಹೇಳಿದರು. ಉತ್ತರವಿಲ್ಲ. ನಾನು ಅಲ್ಲಾಹನನ್ನೂ ಅವನ ದೂತರನ್ನೂ ಪ್ರೀತಿಸುವುದು ನಿನಗೆ ಗೊತ್ತಿಲ್ಲವೇ ಎಂದು ಆಣೆಯಿಟ್ಟು ಮತ್ತೆ ಮತ್ತೆ ಕೇಳಿದ ಮೇಲೆ, ಅಲ್ಲಾಹನಿಗೂ ಅವನ ದೂತರಿಗೂ ಚೆನ್ನಾಗಿ ಗೊತ್ತು ಎಂದಷ್ಟೇ ಹೇಳಿದರು. ಕಅಬ್ ಕಣ್ಣೀರು ಸುರಿಸುತ್ತಾ ಅದೇ ಗೋಡೆ ಹತ್ತಿ ಹೊರಬಂದರು.

ಆಗಲೇ ಸಿರಿಯಾದಿಂದ ಧಾನ್ಯ ಮಾರಲು ಬಂದ ಒಬ್ಬ, ಘಸ್ಸಾನಿನ ರಾಜನ ಪತ್ರ ತಂದುಕೊಟ್ಟ. ನಿಮ್ಮವರು ನಿಮ್ಮನ್ನು ಕಡೆಗಣಿಸಿದ್ದಾರಂತೆ, ನೀವು ಅವಮಾನ ಸಹಿಸಿಕೊಂಡಿರಬೇಕಾದವರಲ್ಲ, ಇಲ್ಲಿಗೆ ಬನ್ನಿ, ಆದರಿಸುತ್ತೇವೆ ಎಂಬ ಅಭಿಪ್ರಾಯದ ಪತ್ರ. ತಪ್ಪು ಮಾಡಿ ಕುಗ್ಗಿದವನ ಬಾಗಿಲಿಗೆ, ನಿನಗೇ ಅನ್ಯಾಯವಾಗಿದೆ ಎಂದು ಹೇಳುವವರು ತಪ್ಪದೆ ಬರುತ್ತಾರೆ. ಇದೂ ಒಂದು ಪರೀಕ್ಷೆಯೇ ಎಂದುಕೊಂಡ ಕಅಬ್ ಅದನ್ನು ಒಲೆಗೆ ಹಾಕಿದರು. ಅವರು ಪರೀಕ್ಷೆ ಎಂದು ಕರೆದದ್ದು ಈ ಆದರದ ಪತ್ರವನ್ನು.

ಐವತ್ತನೆಯ ಬೆಳಗ್ಗೆ ಮನೆಯ ಮಾಡಿನ ಮೇಲೆ ಫಜ್ರ್ ನಮಾಝ್ ಮುಗಿಸಿ ಕೂತಿದ್ದಾಗ ಸಲ್ ಬೆಟ್ಟದ ಮೇಲಿಂದ ಶುಭಸುದ್ದಿಯ ಕೂಗು ಕೇಳಿಸಿತು. ಅಷ್ಟು ವಿಶಾಲವಾದ ಭೂಮಿ ಆ ಮೂವರಿಗೆ ಇಕ್ಕಟ್ಟಾದದ್ದನ್ನೂ ಅವರಿಗೆ ಕ್ಷಮೆ ದೊರೆತದ್ದನ್ನೂ ಹೇಳುವ ಸೂಕ್ತ ಇಳಿದಿತ್ತು. ಈಗ ಅದು ತೌಬಾ ಅಧ್ಯಾಯದ 118ನೆಯದು. ಸುದ್ದಿ ತಂದವನಿಗೆ ಮೈಮೇಲಿನ ಬಟ್ಟೆ ತೆಗೆದುಕೊಟ್ಟು, ಬೇರೆ ಇಲ್ಲದ್ದರಿಂದ ಎರವಲು ಬಟ್ಟೆ ಉಟ್ಟು ಮಸೀದಿಗೆ ಓಡಿದರು. ಅಲ್ಲಿ ಕೂತಿದ್ದವರಲ್ಲಿ ತಲ್ಹಾ ಎಂಬವರು ಎದ್ದು ಓಡಿಬಂದು ಕೈಹಿಡಿದರು. ಸಂತೋಷದಲ್ಲಿ ಇದ್ದಬದ್ದದ್ದನ್ನೆಲ್ಲ ದಾನ ಮಾಡುತ್ತೇನೆಂದಾಗ ಸ್ವಲ್ಪ ಇಟ್ಟುಕೊಳ್ಳಿ ಎಂದು ಪ್ರವಾದಿಯವರೇ ತಡೆದರು.

ಈ ವರದಿಯಲ್ಲಿ ನಾನು ಬಹಳ ತಡವಾಗಿ ಗಮನಿಸಿದ ಒಂದು ಸಂಗತಿಯಿದೆ. ತಬೂಕಿನಲ್ಲಿ ತಮ್ಮನ್ನು ಚುಚ್ಚಿದವನ ಹೆಸರನ್ನು ಕಅಬ್ ಹೇಳುವುದಿಲ್ಲ, ತಮ್ಮ ಕುಲದ ಒಬ್ಬ ಎನ್ನುತ್ತಾರೆ. ತಮ್ಮ ಪರ ಮಾತಾಡಿದ ಮುಆದ್ ಅವರ ಹೆಸರಿದೆ. ಸುಳ್ಳು ಹೇಳಿದ ಎಂಬತ್ತು ಮಂದಿಯಲ್ಲಿ ಒಬ್ಬನ ಹೆಸರೂ ಇಲ್ಲ. ಸತ್ಯ ಹೇಳಿದ ಇಬ್ಬರ ಹೆಸರು, ತಂದೆಯ ಹೆಸರಿನ ಸಮೇತ ಇದೆ. ಎದ್ದು ಬಂದ ತಲ್ಹಾ ಅವರ ಹೆಸರಿದೆ, ಅದನ್ನು ಎಂದಿಗೂ ಮರೆಯೆ ಎಂಬ ಮಾತಿನ ಜೊತೆಗೆ. ಕಣ್ಣು ಕಾಣದ ಮುದುಕರ ನೆನಪು ಮಸುಕಾಗಿತ್ತು ಎಂದುಕೊಳ್ಳುವಂತಿಲ್ಲ, ಎರವಲು ಬಟ್ಟೆಯವರೆಗೆ ಎಲ್ಲವೂ ನೆನಪಿದೆ. ಬೇಕೆಂದೇ ಬಿಟ್ಟಿದ್ದಾರೆ. ತಮ್ಮ ಸೋಮಾರಿತನವನ್ನು ಬಿಡಿಬಿಡಿಯಾಗಿ ಬರೆಸಿದವರು ಬೇರೆಯವರದನ್ನು ಬರೆಸಲಿಲ್ಲ.

ಗೋಡೆಯಾಚೆ ಸಲಾಮಿಗೆ ಉತ್ತರಿಸದ ಅಬೂ ಕತಾದಾ ಅವರನ್ನು ಕಠಿಣ ಮನಸ್ಸಿನವರೆಂದು ತಿಳಿಯಬಾರದು. ಇನ್ನೊಂದು ಹದೀಸಿನಲ್ಲಿ ಅವರು ಕಾಣಿಸುತ್ತಾರೆ. ಒಬ್ಬ ಸತ್ತವನ ಜನಾಝ ನಮಾಝಿಗೆ ಪ್ರವಾದಿಯವರನ್ನು ಕರೆದಾಗ, ಸಾಲವಿದೆಯೇ ಎಂದು ಕೇಳಿದರು. ಎರಡು ದಿನಾರ್ ಎಂದು ಒಂದು ವರದಿ, ಮೂರು ಎಂದು ಇನ್ನೊಂದು. ನಿಮ್ಮವನ ನಮಾಝ್ ನೀವೇ ಮಾಡಿಕೊಳ್ಳಿ ಎಂದು ಪ್ರವಾದಿಯವರು ಹಿಂದೆ ಸರಿದರು. ಆಗ ಆ ಸಾಲ ನನ್ನ ಮೇಲಿರಲಿ ಎಂದು ಮುಂದೆ ಬಂದವರು ಅಬೂ ಕತಾದಾ. ಜೀವಂತ ಗೆಳೆಯನ ತಪ್ಪನ್ನು ಹೊರಲು ಅವರಿಂದಾಗಲಿಲ್ಲ, ಅದು ಯಾರಿಂದಲೂ ಆಗುವ ಕೆಲಸವಲ್ಲ. ಸತ್ತವನ ಸಾಲವನ್ನು ಹೊರಬಹುದಿತ್ತು, ಹೊತ್ತರು.

ನಮ್ಮ ಕಡೆ ಈಗಲೂ ಮಯ್ಯಿತ್ ಎತ್ತುವ ಮೊದಲು ಮನೆಯ ಹಿರಿಯರೊಬ್ಬರು ಅಂಗಳದಲ್ಲಿ ನಿಂತು, ಸತ್ತವರಿಂದ ಯಾರಿಗಾದರೂ ಏನಾದರೂ ಬರಬೇಕಿದ್ದರೆ ಮಕ್ಕಳನ್ನು ಕಾಣಿ ಎಂದು ಹೇಳುವುದುಂಟು. ಯಜಮಾನರು ತೀರಿಕೊಂಡ ದಿನ ಕಿಟಕಿಯ ಒಳಗಿನಿಂದ ಅದನ್ನು ಕೇಳಿದೆ. ಅವರ ಅಂಗಡಿಯ ಕಡದ ಪುಸ್ತಕದಲ್ಲಿ ಊರೇ ಅವರಿಗೆ ಬಾಕಿಯಿತ್ತು. ಬರಬೇಕಾದವರು ಯಾರಿದ್ದಾರು ಎಂದುಕೊಂಡಿದ್ದೆ. ಒಂದು ವಾರ ಕಳೆದು ಬೀಡಿ ಕಟ್ಟುವ ಒಬ್ಬ ಅಕ್ಕ ಬಂದರು, ನಮ್ಮ ಮನೆಗೆ ಎರಡು ಗುಡ್ಡದಾಚೆಯವರು. ಗಂಡ ಕುಡುಕನಾದ್ದರಿಂದ ಬೀಡಿಯ ಮಜೂರಿಯಲ್ಲಿ ಉಳಿಸಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಯಜಮಾನರ ಹತ್ತಿರ ಕೊಟ್ಟಿಡುತ್ತಿದ್ದರಂತೆ. ಚೀಟಿಯಿಲ್ಲ, ಸಾಕ್ಷಿಯಿಲ್ಲ. ಕೇಳಲು ಸಂಕೋಚಪಟ್ಟು ಎಲೆಅಡಿಕೆ ಜಗಿಯುತ್ತಾ ಬಹಳ ಹೊತ್ತು ಕೂತಿದ್ದರು. ಮಗ ಕಡದ ಪುಸ್ತಕ ತಿರುವಿದಾಗ, ಕೊನೆಯ ಪುಟದಲ್ಲಿ, ಬಾಕಿಗಳ ನಡುವೆ ಸೇರದ ಹಾಗೆ ಬೇರೆಯಾಗಿ, ಅಕ್ಕನ ಹೆಸರು ಮತ್ತು ಮೊತ್ತ ಇತ್ತು. ಅಕ್ಕ ಹೇಳಿದ್ದಕ್ಕಿಂತ ಪುಸ್ತಕದಲ್ಲಿ ಇದ್ದದ್ದೇ ಜಾಸ್ತಿ.

ಜನರಿಗೆ ಸಲ್ಲಬೇಕಾದದ್ದನ್ನು ಜನರೇ ಬಿಟ್ಟುಕೊಡಬೇಕು, ಅದನ್ನು ನಮಾಝ್, ಉಪವಾಸಗಳಿಂದ ತೊಳೆಯಲಾಗದು ಎಂಬುದರಲ್ಲಿ ನಮ್ಮ ಉಲಮಾಗಳಿಗೆ ಭಿನ್ನಾಭಿಪ್ರಾಯವಿಲ್ಲ. ಅದಕ್ಕೇ ಹಜ್‌ಗೆ ಹೊರಡುವವರು ಮನೆಮನೆಗೆ ಹೋಗಿ, ತಪ್ಪಿದ್ದರೆ ಮನ್ನಿಸಿ ಎನ್ನುತ್ತಾರೆ. ಒಳ್ಳೆಯ ಪದ್ಧತಿ. ಯಾವ ತಪ್ಪೆಂದು ಇಬ್ಬರೂ ಹೇಳದೆ ಪಾಯಸ ಕುಡಿದು ಮುಗಿಸುವುದು ಮಾತ್ರ ಎಂಬತ್ತು ಮಂದಿಯ ಸಾಲಿಗೆ ಹತ್ತಿರ ಬರುತ್ತದೆ ಎಂದು ನನ್ನ ಅಭಿಪ್ರಾಯ.

ಕಳೆದ ರಮಝಾನಿನಲ್ಲಿ ಅಸ್ರ್ ನಮಾಝಿನ ಬಳಿಕ ನಮ್ಮ ಚಾವಡಿಯಲ್ಲಿ ಹೆಂಗಸರು ಸೇರಿದಾಗ ಕಅಬ್ ಅವರ ಕತೆ ಹೇಳಿದೆ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ ಎಂದು ಕುರ್‌ಆನ್ ಹಲವು ಕಡೆ ಹೇಳುವುದನ್ನೂ ಸೇರಿಸಿದೆ. ನಲವತ್ತನೆಯ ದಿನ ಆ ಮೂವರಿಗೆ ಹೆಂಡತಿಯರಿಂದಲೂ ದೂರವಿರಲು ಆದೇಶವಾಯಿತು, ಕಅಬ್ ತಮ್ಮ ಹೆಂಡತಿಯನ್ನು ತವರಿಗೆ ಕಳಿಸಿದರು ಎಂಬಲ್ಲಿಗೆ ಬಂದಾಗ, ಬಿ.ಕಾಂ. ಓದುವ ಹುಡುಗಿಯೊಬ್ಬಳು ಕೈಯೆತ್ತಿದಳು.

“ಟೀಚರ್, ತಪ್ಪು ಮಾಡಿದ್ದು ಗಂಡ. ಬಟ್ಟೆ ಕಟ್ಟಿಕೊಂಡು ಹೋಗಬೇಕಾದದ್ದು ಹೆಂಡತಿಯಾ? ಭಾರ ಹೊರುವುದಿಲ್ಲ ಅಂತ ಈಗಷ್ಟೇ ಹೇಳಿದಿರಲ್ಲ?”

ಪಾಪದ ಭಾರ ಬೇರೆ, ಅದರಿಂದ ಬರುವ ಕಷ್ಟ ಬೇರೆ ಎಂದೆ. ಮಂಗಳೂರಿನ ಬಸ್ಸಿನಲ್ಲಿ ಯಜಮಾನರ ಪಕ್ಕದ ಸೀಟಿನಲ್ಲಿ ಕೂತವಳು ನಾನು. ಅವರು ನುಂಗಿದ ಮಾತ್ರೆಗಳಲ್ಲಿ ಒಂದನ್ನೂ ನಾನು ನುಂಗಿರಲಿಲ್ಲ. ಹುಡುಗಿಗೆ ಅದು ಸಾಕಾಗಲಿಲ್ಲ. ಹಿಲಾಲ್ ಅವರ ಹೆಂಡತಿ ತಾವೇ ಪ್ರವಾದಿಯವರ ಬಳಿ ಹೋಗಿ, ಗಂಡ ಮುದುಕ, ನೋಡಿಕೊಳ್ಳುವವರಿಲ್ಲ ಎಂದು ಹೇಳಿ, ಜೊತೆಗಿದ್ದು ಸೇವೆ ಮಾಡಲು ಅನುಮತಿ ತಂದ ಕತೆಯನ್ನೂ ಹೇಳಿದೆ. ಹಾಗಾದರೆ ಕಅಬ್ ಅವರ ಹೆಂಡತಿಯೂ ಹೋಗಿ ಕೇಳಬಹುದಿತ್ತು ಎಂದಳು ಇನ್ನೊಬ್ಬಳು. ಮನೆಯವರು ಕಅಬ್ ಅವರಿಗೇ ಹೋಗಿ ಕೇಳಲು ಹೇಳಿದ್ದರು, ತಾನು ಇನ್ನೂ ಪ್ರಾಯದವನು, ಏನೆಂದು ಕೇಳಲಿ ಎಂದು ಅವರೇ ಒಪ್ಪಲಿಲ್ಲ ಎಂದೆ. ಗೋಡೆಗೊರಗಿ ಕೂತಿದ್ದ ಹಿರಿಯರೊಬ್ಬರು, ಹೆಂಡತಿಯನ್ನು ಯಾರಾದರೂ ಕೇಳಿದರಾ ಎಂದರು. ಅಡುಗೆಮನೆಯಿಂದ ಸಮೋಸ ಕರಿಯುವ ವಾಸನೆ ಬರುತ್ತಿತ್ತು, ನೋಂಬು ತೆರೆಯುವ ಹೊತ್ತು ಹತ್ತಿರವಾಗಿತ್ತು, ಆದರೂ ಯಾರೂ ಏಳಲಿಲ್ಲ. ಹುಡುಗಿ ಕೊನೆಗೆ, ಉಸ್ತಾದರನ್ನೇ ಕೇಳುತ್ತೇನೆ ಎಂದಳು. ಕೇಳು, ಅವರು ಏನಂದರೆಂದು ನನಗೂ ಬಂದು ಹೇಳು ಎಂದೆ.